ಊರೂರಿಗೆ ಹೋಗುವ ಅರಮನೆ ರಂಗಮಂದಿರ

ಡೆಟ್‌ಮೋಲ್ಡ್ ಎಂಬ ಊರಿನ ಹೆಸರನ್ನು ಇಲ್ಲಿ ಹೆಚ್ಚು ಜನ ಕೇಳಿರಲಾರರು. ಜರ್ಮನಿಯ ವಾಯವ್ಯ ಭಾಗದಲ್ಲಿ, ಟ್ಯೂಟೋಬರ್ಗ್ ಕಾಡಿನ ಅಂಚಿನಲ್ಲಿರುವ ಈ ಊರಿನ ಜನಸಂಖ್ಯೆ ಮುಕ್ಕಾಲು ಲಕ್ಷದ ಆಸುಪಾಸು. ಕರ್ನಾಟಕದ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರವೆನ್ನಬಹುದು. ಆದರೆ ಈ ಊರಿಗೆ ಸ್ವಂತ ರಂಗಮಂದಿರವಿದೆ. ಅದಕ್ಕೆ ತನ್ನದೇ ನಟರು, ಗಾಯಕರು, ಬ್ಯಾಲೆ ನರ್ತಕರು, ದೊಡ್ಡ ವಾದ್ಯವೃಂದ, ಜೊತೆಗೆ ಬಡಗಿಗಳು ಮತ್ತು ದರ್ಜಿಗಳು ಇದ್ದಾರೆ. ಎಲ್ಲರೂ ತಿಂಗಳ ಸಂಬಳದವರು.

ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಸಂಸಾರ ಏಕೆ ಎಂಬ ಪ್ರಶ್ನೆ ಸಹಜ. ಅರ್ಧ ಉತ್ತರ ಸಂಸ್ಥೆಯ ಹೆಸರಿನಲ್ಲೇ ಇದೆ. ಅದು 'ಲಾಂಡೆಸ್‌ಥಿಯೇಟರ್', ಅಂದರೆ ನಾಡಿನ ರಂಗಮಂದಿರ. ನಗರದ ರಂಗಮಂದಿರ ತನ್ನ ಊರಿನವರಿಗೆ ಆಡಿ ತೋರಿಸಿದರೆ ಅದರ ಕೆಲಸ ಮುಗಿಯಿತು. ಲಾಂಡೆಸ್‌ಥಿಯೇಟರ್ ಮಾತ್ರ ಸುತ್ತಮುತ್ತಲಿನ ಊರುಗಳಿಗೂ ಹೋಗಲೇಬೇಕು. ಸರ್ಕಾರದ ಅನುದಾನ ಬರುವುದೇ ಆ ಹೊಣೆಯ ಜೊತೆಗೆ. ಜರ್ಮನಿಯಲ್ಲಿ ಇಂಥ ಸುಮಾರು ಎರಡು ಡಜನ್ ಸಂಸ್ಥೆಗಳಿವೆ. ನಾರ್ತ್ ರೈನ್-ವೆಸ್ಟ್‌ಫೇಲಿಯಾ ರಾಜ್ಯವೊಂದರಲ್ಲೇ ನಾಲ್ಕು. ಆ ನಾಲ್ಕರಲ್ಲಿ ಒಪೆರಾ ಮತ್ತು ಬ್ಯಾಲೆಯನ್ನೂ ಹೊತ್ತು ತಿರುಗುವುದು ಡೆಟ್‌ಮೋಲ್ಡ್ ಒಂದೇ.

ಉಳಿದರ್ಧ ಉತ್ತರಕ್ಕೆ ಇತಿಹಾಸದ ಪುಟ ತಿರುಗಿಸಬೇಕು. 1871ರಲ್ಲಿ ಒಂದಾಗುವ ಮೊದಲು ಜರ್ಮನಿ ಎಂಬುದು ಹತ್ತಾರು ಪುಟ್ಟ ಸಂಸ್ಥಾನಗಳ ಗುಂಪು. ಪ್ರತಿ ದೊರೆಗೂ ಒಂದು ಅರಮನೆ, ಅರಮನೆಗೊಂದು ರಂಗಮಂದಿರ ಬೇಕೆಂಬ ಹಂಬಲ. ಡೆಟ್‌ಮೋಲ್ಡ್ ಆಗ ಲಿಪ್ಪೆ ಎಂಬ ಸಂಸ್ಥಾನದ ರಾಜಧಾನಿ. ಅಲ್ಲಿನ ದೊರೆ ಎರಡನೆಯ ಲಿಯೋಪೋಲ್ಡ್ ಕಟ್ಟಿಸಿದ ರಂಗಮಂದಿರ 1825ರ ನವೆಂಬರ್‌ನಲ್ಲಿ ಮೊಟ್ಸಾರ್ಟನ ಒಪೆರಾದೊಂದಿಗೆ ಬಾಗಿಲು ತೆರೆಯಿತು. ಕಟ್ಟಡವೇನೋ ಎದ್ದಿತು. ಆದರೆ ವರ್ಷವಿಡೀ ಒಂದು ತಂಡವನ್ನು ಸಾಕುವಷ್ಟು ಪ್ರೇಕ್ಷಕರು ಆ ಊರಿನಲ್ಲಿರಲಿಲ್ಲ. ಹಾಗಾಗಿ ಆಗಸ್ಟ್ ಪಿಶ್ಲರ್ ನಡೆಸುತ್ತಿದ್ದ ತಂಡ ಗಾಡಿ ಕಟ್ಟಿಕೊಂಡು ಮ್ಯುನ್‌ಸ್ಟರ್, ಓಸ್ನಾಬ್ರೂಕ್ ನಗರಗಳಿಗೂ, ಶ್ರೀಮಂತರು ಆರೋಗ್ಯಸ್ನಾನಕ್ಕೆ ಬರುತ್ತಿದ್ದ ಪಿರ್ಮೊಂಟ್‌ಗೂ ಹೋಗುತ್ತಿತ್ತು. ಅಂದಿನ ತಿರುಗಾಟದಲ್ಲಿ ಕಲಾಸೇವೆಯ ಮಾತಿರಲಿಲ್ಲ. ಅದು ಶುದ್ಧ ಹೊಟ್ಟೆಪಾಡು.

ಆ ಗಾಡಿಗಳಲ್ಲಿ ಕುಳಿತವರ ಪೈಕಿ ಆಲ್ಬರ್ಟ್ ಲೋರ್ಟ್‌ಸಿಂಗ್ ಒಬ್ಬ. ಮುಂದೆ 'ತ್ಸಾರ್ ಮತ್ತು ಬಡಗಿ'ಯಂಥ ಲಘು ಒಪೆರಾಗಳಿಂದ ಜರ್ಮನಿಯ ಮನೆಮಾತಾದ ಈತ 1826ರಿಂದ 1833ರವರೆಗೆ ಈ ತಂಡದಲ್ಲಿ ನಟನೂ ಗಾಯಕನೂ ಆಗಿದ್ದ. ಅದೇ ಊರಿನಲ್ಲಿ ಜೈಲಿನ ಅಧಿಕಾರಿಯ ಮಗನಾಗಿ 1801ರಲ್ಲಿ ಹುಟ್ಟಿದ ನಾಟಕಕಾರ ಕ್ರಿಶ್ಚಿಯನ್ ಡೀಟ್ರಿಷ್ ಗ್ರಾಬೆ. ಅವನ 'ಡಾನ್ ಜುವಾನ್ ಮತ್ತು ಫೌಸ್ಟ್' 1829ರಲ್ಲಿ ಈ ರಂಗದ ಮೇಲೆ ಬಂತು. ಸಂಗೀತ ಲೋರ್ಟ್‌ಸಿಂಗನದು, ಡಾನ್ ಜುವಾನ್ ಪಾತ್ರವೂ ಅವನದೇ. ಗ್ರಾಬೆ 1836ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡ. ಬದುಕಿದ್ದಾಗ ಅವನು ರಂಗದ ಮೇಲೆ ಕಂಡ ತನ್ನ ನಾಟಕ ಇದೊಂದೇ. ಬರ್ಲಿನ್, ವಿಯೆನ್ನಾಗಳು ಮುಟ್ಟದ ನಾಟಕವನ್ನು ಒಂದು ಪುಟ್ಟ ಊರಿನ ಅಲೆಮಾರಿ ತಂಡ ಆಡಿತು ಎನ್ನುವುದು ಸಣ್ಣ ಮಾತಲ್ಲ.

1912ರ ಫೆಬ್ರವರಿಯಲ್ಲಿ ರಂಗಮಂದಿರ ಬೆಂಕಿಗೆ ಆಹುತಿಯಾಯಿತು. ಹೊಸ ಕಟ್ಟಡದ ಕೆಲಸವೇನೋ ಶುರುವಾಯಿತು, ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯ ದೊರೆಗಳೇ ಉಳಿದಿರಲಿಲ್ಲ. 1918ರ ನವೆಂಬರ್‌ನಲ್ಲಿ ಲಿಪ್ಪೆಯ ನಾಲ್ಕನೆಯ ಲಿಯೋಪೋಲ್ಡ್ ಕೂಡ ಗದ್ದುಗೆ ಬಿಟ್ಟಿಳಿದ. 1919ರ ಸೆಪ್ಟೆಂಬರ್‌ನಲ್ಲಿ ಲೋರ್ಟ್‌ಸಿಂಗನ 'ಉಂಡೀನೆ' ಒಪೆರಾದೊಂದಿಗೆ ಹೊಸ ಮಂದಿರ ತೆರೆದಾಗ ಅದು ಪ್ರಜೆಗಳ ಸ್ವತ್ತಾಗಿತ್ತು. ದೊರೆಗೆಂದು ಅಡಿಪಾಯ ಹಾಕಿದ ಮನೆಗೆ ಗೃಹಪ್ರವೇಶ ಮಾಡಿದವರು ಊರಿನವರು. ನಾಟ್ಸಿ ಕಾಲದಲ್ಲಿ ವಾಗ್ನರ್ ಉತ್ಸವದ ಮೆರವಣಿಗೆಯೂ ಈ ಊರಿನಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. 1947ರಲ್ಲಿ ಲಿಪ್ಪೆ ಸೀಮೆ ದೊಡ್ಡ ರಾಜ್ಯದಲ್ಲಿ ವಿಲೀನವಾಯಿತು. ಇಂದು ರಂಗಮಂದಿರದ ಖರ್ಚಿಗೆ ರಾಜ್ಯ ಸರ್ಕಾರ, ಜಿಲ್ಲೆ, ಊರು ಎಲ್ಲವೂ ಹೆಗಲು ಕೊಡುತ್ತವೆ. ಅಂದು ಹೊಟ್ಟೆಪಾಡಾಗಿದ್ದ ತಿರುಗಾಟ ಇಂದು ತೆರಿಗೆದಾರನ ಹಕ್ಕಾಗಿದೆ. ತನ್ನ ಹಣದಿಂದ ನಡೆಯುವ ಒಪೆರಾವನ್ನು ನೋಡಲು ದೊಡ್ಡ ನಗರಕ್ಕೇ ಬರಬೇಕೆಂದು ಹಳ್ಳಿಯವನಿಗೆ ಹೇಳುವಂತಿಲ್ಲ.

ತಿರುಗಾಟ ಎಂದೊಡನೆ ಯಕ್ಷಗಾನ ಮೇಳಗಳೋ, 1985ರಲ್ಲಿ ಹೆಗ್ಗೋಡಿನ ನೀನಾಸಂ ಆರಂಭಿಸಿದ 'ತಿರುಗಾಟ'ವೋ ನೆನಪಿಗೆ ಬರುತ್ತದೆ. ಆದರೆ ಇಲ್ಲಿ ಕ್ರಮ ಬೇರೆ. ಮೇಳ ಒಮ್ಮೆ ಹೊರಟರೆ ತಿಂಗಳುಗಟ್ಟಲೆ ಊರಿಂದೂರಿಗೆ ಸಾಗುತ್ತದೆ. ಡೆಟ್‌ಮೋಲ್ಡ್‌ನವರು ಸಾಮಾನ್ಯವಾಗಿ ಆಟ ಮುಗಿದ ರಾತ್ರಿಯೇ ಮನೆಗೆ ಮರಳುತ್ತಾರೆ, ಏಕೆಂದರೆ ಮರುದಿನ ಸ್ವಂತ ರಂಗದ ಮೇಲೆ ಬೇರೆಯೇ ನಾಟಕವಿರುತ್ತದೆ.

ಒಂದು ದಿನದ ಕೆಲಸ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಮೊದಲು ಲಾರಿಗಳಲ್ಲಿ ರಂಗಸಜ್ಜಿಕೆ ಹೋಗುತ್ತದೆ. ತಲುಪಿದಲ್ಲಿ ಸಿಗುವುದು ಪುರಭವನವೋ ಶಾಲೆಯ ಸಭಾಂಗಣವೋ ಆಗಿರಬಹುದು. ಒಂದು ಕಡೆ ರಂಗ ಅಗಲ, ಇನ್ನೊಂದು ಕಡೆ ಇಕ್ಕಟ್ಟು. ಒಂದು ಕಡೆ ವಾದ್ಯಗಾರರು ಕೂರುವ ತಗ್ಗಿದ್ದರೆ ಇನ್ನೊಂದು ಕಡೆ ಅವರು ಪ್ರೇಕ್ಷಕರ ಮೊದಲ ಸಾಲಿನ ಮುಂದೆಯೇ ಕೂರಬೇಕು. ಆದ್ದರಿಂದ ರಂಗಸಜ್ಜಿಕೆ ರೂಪಿಸುವಾತ ತನ್ನ ಮಂದಿರವನ್ನಷ್ಟೇ ನೋಡಿ ನಕ್ಷೆ ಬರೆಯುವಂತಿಲ್ಲ. ಅತಿ ಚಿಕ್ಕ ರಂಗಕ್ಕೆ ಒಗ್ಗುವ, ಬಿಚ್ಚಿ ಜೋಡಿಸಬಹುದಾದ, ಲಾರಿಗೆ ಹಿಡಿಸುವ ಅರಮನೆಯನ್ನು ಅವನು ಕಟ್ಟಬೇಕು. ದೀಪಗಳ ಕೋನವನ್ನು ಪ್ರತಿ ಊರಿನಲ್ಲೂ ಹೊಸದಾಗಿ ಹೊಂದಿಸಬೇಕು. ಕಲಾವಿದರ ಬಸ್ಸು ಬರುವುದು ಆಮೇಲೆ. ತೆರೆ ಬಿದ್ದ ಮೇಲೆ ಬಡಗಿಗಳ ಎರಡನೆಯ ಪಾಳಿ.

ಇನ್ನು ಹಣದ ಮಾತು. ಆಹ್ವಾನಿಸಿದ ಊರು ಪ್ರದರ್ಶನಕ್ಕೊಂದು ನಿಗದಿತ ಮೊತ್ತ ಕೊಡುತ್ತದೆ. ಅದರಿಂದ ಪೂರ್ತಿ ಖರ್ಚು ಹುಟ್ಟುವುದಿಲ್ಲ, ಮಿಕ್ಕದ್ದನ್ನು ಅನುದಾನ ತುಂಬುತ್ತದೆ. ತೊಡಕಿರುವುದೂ ಇಲ್ಲಿಯೇ. ಯಾವ ನಾಟಕ ಬೇಕೆಂದು ಆರಿಸುವುದು ಆಹ್ವಾನಿಸುವ ಊರು. ಹೆಸರುವಾಸಿ ಒಪೆರಾ, ಹಾಸ್ಯ ನಾಟಕ, ಮಕ್ಕಳಿಗೆ ಕ್ರಿಸ್‌ಮಸ್ ಕಾಲದ ಕಿನ್ನರಕಥೆ ಸುಲಭವಾಗಿ ಬಿಕರಿಯಾಗುತ್ತವೆ. ಇಂದಿನ ಗ್ರಾಬೆಯ ಹೊಸ ನಾಟಕಕ್ಕೆ ಗಿರಾಕಿ ಹುಡುಕುವುದು ಕಷ್ಟ. ಕಲಾವಿದರ ಪಾಡೂ ಹಗುರವಲ್ಲ. ಜರ್ಮನ್ ರಂಗಭೂಮಿಯಲ್ಲಿ ನಟನ ಕರಾರು ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ನವೀಕರಣವಾಗುವಂಥದು. ಮುಂದಿನ ವರ್ಷ ಬೇಡವೆಂದಾದರೆ ಅಕ್ಟೋಬರ್ ಕೊನೆಯೊಳಗೆ ತಿಳಿಸುತ್ತಾರೆ. ಶರತ್ಕಾಲದ ಬಸ್ ಪ್ರಯಾಣದಲ್ಲಿ ಪಾತ್ರದ ಮಾತಿನ ಜೊತೆ ಈ ಚಿಂತೆಯೂ ಇರುತ್ತದೆ.

ಊರುಗಳ ಖಜಾನೆ ಬರಿದಾದಾಗ ಕತ್ತರಿ ಬೀಳುವುದು ಇಂಥ ಖರ್ಚಿಗೇ. ಮಂದಿರ ಹಳೆಯದಾದರೆ ಕಷ್ಟ ಇನ್ನೂ ಹೆಚ್ಚು. ಇದಕ್ಕೆ ಉದಾಹರಣೆ ಡೆನ್ಮಾರ್ಕ್ ಗಡಿಯ ಕಡೆ ಸಿಗುತ್ತದೆ. ಫ್ಲೆನ್ಸ್‌ಬುರ್ಗ್, ರೆಂಡ್ಸ್‌ಬುರ್ಗ್, ಶ್ಲೆಸ್‌ವಿಗ್ ಎಂಬ ಮೂರು ಊರುಗಳು ಪ್ರತ್ಯೇಕವಾಗಿ ರಂಗಮಂದಿರ ನಡೆಸಲಾರದೆ 1974ರಲ್ಲಿ ಒಂದಾಗಿ ಒಂದೇ ಲಾಂಡೆಸ್‌ಥಿಯೇಟರ್ ಕಟ್ಟಿಕೊಂಡವು. 2011ರಲ್ಲಿ ಶ್ಲೆಸ್‌ವಿಗ್‌ನ ಮಂದಿರ ಕುಸಿಯುವ ಅಪಾಯದಲ್ಲಿದೆಯೆಂದು ಮುಚ್ಚಬೇಕಾಯಿತು. ಹೊಸ ಕಟ್ಟಡ ಬೇಕೇ, ಬೇಕಾದರೆ ಹಣ ಯಾರದು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ತಂಡ ಮಾತ್ರ ಊರಿಗೆ ಬರುವುದನ್ನು ಬಿಡಲಿಲ್ಲ. ಅಲ್ಲಿನ ಡೇನಿಷ್ ಅಲ್ಪಸಂಖ್ಯಾತರು ತಮ್ಮ ಸಭಾಭವನದ ಬಾಗಿಲು ತೆರೆದರು, ಜರ್ಮನ್ ನಾಟಕ ಅಲ್ಲಿಯೇ ಮುಂದುವರಿಯಿತು.