ನಿಮ್ಮ ಡಾಟ್ ಇನ್ ಯಾರ ಹೆಸರಲ್ಲಿದೆ?

ಶಿಕಾರಿಪುರ, ಸೊರಬ ಕಡೆಯ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ. ಹೊಸ ಗಿರಾಕಿ ಬಂದ್ರೆ ಮೊದಲು ಕೇಳೋ ಪ್ರಶ್ನೆ ಒಂದೇ: ನಿಮ್ಮ ಡಾಟ್ ಇನ್ ವಿಳಾಸ ಯಾರ ಹೆಸರಲ್ಲಿದೆ? 'ನಮ್ಮದೇ ಅಲ್ವಾ, ದುಡ್ಡು ಕೊಟ್ಟಿದೀವಲ್ಲ' ಅಂತಾರೆ. ದುಡ್ಡು ಯಾರಾದ್ರೂ ಕೊಟ್ಟಿರಬಹುದು. ಪಹಣಿಯಲ್ಲಿ ನೋಡೋ ಹಾಗೆ ಇಲ್ಲೂ ದಾಖಲೆಯಲ್ಲಿ ಯಾರ ಹೆಸರಿದೆ ಅಂತಲೇ ನೋಡೋದು.

ಆ ದಾಖಲೆ ಇಟ್ಟಿರೋದು ನಿಕ್ಸಿ, ಅಂದ್ರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. 2003ರಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. 2005ರಿಂದ ಡಾಟ್ ಇನ್ ಎಲ್ಲರಿಗೂ ಸಲೀಸಾಗಿ ಸಿಗ್ತಿದೆ. ನಾವು ಹೆಸರು ತಗೊಳ್ಳೋದು ನಿಕ್ಸಿ ಮಾನ್ಯತೆ ಕೊಟ್ಟ ರಿಜಿಸ್ಟ್ರಾರ್ ಕಂಪನಿಗಳ ಹತ್ರ. ಒಂದು ವರ್ಷದಿಂದ 10 ವರ್ಷದವರೆಗೆ ತಗೋಬಹುದು. ತಗೊಳ್ಳೋದು ಅಂತ ಬಾಯಲ್ಲಿ ಹೇಳ್ತೀವಿ ಅಷ್ಟೇ, ನಿಜಕ್ಕೂ ಅದು ಬಾಡಿಗೆ ಕರಾರು. ಅವಧಿ ಮುಗಿದು ಕೆಲವು ವಾರ ಸುಮ್ಮನಿದ್ರೆ ಹೆಸರು ಬಿಡುಗಡೆಯಾಗುತ್ತೆ, ಮೊದಲು ಬಂದವರಿಗೆ ಸಿಗುತ್ತೆ.

ಎಲ್ಲಾ ಹೆಸರೂ ಹೀಗೆ ಸಿಗಲ್ಲ. ಗವ್ ಡಾಟ್ ಇನ್ ಸರ್ಕಾರಿ ಕಚೇರಿಗಳಿಗೆ ಮಾತ್ರ. ವಂಚನೆ ತಡೆಯೋಕೆ ಬ್ಯಾಂಕ್‌ಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್‌ಗೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಅಂಗಡಿಯವರಿಗೆ ಅಂಥ ಕಾವಲಿಲ್ಲ, ನಮ್ಮ ಹೆಸರು ನಾವೇ ಕಾಯ್ಕೋಬೇಕು.

ಸೊರಬ, ಸಾಗರ ಅಂದ್ರೆ ಗುಡಿಗಾರರ ಶ್ರೀಗಂಧದ ಕೆತ್ತನೆ ನೆನಪಾಗುತ್ತೆ ಅಲ್ವಾ? ಅಂಥದ್ದೊಂದು ಕೆತ್ತನೆ ಅಂಗಡಿಯ ಯಜಮಾನರು ಸೈಟ್ ಹೊಸದು ಮಾಡ್ಕೊಡು ಅಂತ ಕರೆದ್ರು. ಹಳೇ ಸೈಟ್ ಮಾಡಿದ್ದ ಹುಡುಗ ಹೆಸರನ್ನ ತನ್ನ ಇಮೇಲ್‌ನಲ್ಲಿ, ತನ್ನ ಹೆಸರಲ್ಲೇ ನೋಂದಾಯಿಸಿದ್ದ. ಮೋಸ ಮಾಡಬೇಕು ಅಂತ ಇರಲಿಕ್ಕಿಲ್ಲ, ಸುಲಭ ಅಂತ ಮಾಡಿರ್ತಾನೆ. ಈಗ ಅವನ ನಂಬರ್ ಬದಲಾಗಿದೆ, ಊರಲ್ಲೂ ಇಲ್ಲ. 'ಬೋರ್ಡಿಗೆ, ಡಬ್ಬಿಗೆ, ಎಲ್ಲಾದಕ್ಕೂ ಅದೇ ಹೆಸರು ಹಾಕ್ಸಿದೀನಪ್ಪಾ, ಈಗ ನಂದಲ್ಲ ಅಂದ್ರೆ?' ಅಂತ ಕೇಳಿದ್ರು ಯಜಮಾನರು.

ದಾರಿ ಇಲ್ಲ ಅಂತಲ್ಲ. ಡಾಟ್ ಇನ್ ವ್ಯಾಜ್ಯಕ್ಕೆ ನಿಕ್ಸಿಯ ಹತ್ರ ಐಎನ್‌ಡಿಆರ್‌ಪಿ ಅನ್ನೋ ನಿಯಮ ಇದೆ, ಮಧ್ಯಸ್ಥಗಾರರು ತೀರ್ಪು ಕೊಡ್ತಾರೆ. ಆದ್ರೆ ಅದಕ್ಕೆ ಶುಲ್ಕ ಕಟ್ಟಬೇಕು. ಹೆಸರಿನ ಮೇಲೆ ನಮಗೆ ಹಕ್ಕಿದೆ, ಆ ಕಡೆಯವರಿಗಿಲ್ಲ, ಅವರ ಉದ್ದೇಶ ಕೆಟ್ಟದ್ದು ಅಂತ ತೋರಿಸಬೇಕು. ಸುಲಭಕ್ಕೆ ಅಂತ ತನ್ನ ಹೆಸರಲ್ಲಿ ಮಾಡ್ಕೊಂಡ ಹುಡುಗನ ಉದ್ದೇಶ ಕೆಟ್ಟದ್ದು ಅಂತ ಹೇಗೆ ತೋರಿಸ್ತೀರಿ? ಹಾಗಾಗಿ ನಾವು ಮೊದಲು ಅವನನ್ನೇ ಹುಡುಕ್ತಿದೀವಿ. ಅವನು ರಿಜಿಸ್ಟ್ರಾರ್ ಖಾತೆಗೆ ಹೋಗಿ ವರ್ಗಾವಣೆ ಕೋಡ್ ತೆಗೆದುಕೊಟ್ರೆ ಸಾಕು.

ನೀವು ಇವತ್ತೇ ರಿಜಿಸ್ಟ್ರಿ ಡಾಟ್ ಇನ್‌ಗೆ ಹೋಗಿ ನಿಮ್ಮ ಹೆಸರು ಹುಡುಕಿ. ರಿಜಿಸ್ಟ್ರಾರ್ ಯಾರು, ಅವಧಿ ಯಾವತ್ತು ಮುಗಿಯುತ್ತೆ, ಎರಡೂ ಅಲ್ಲಿ ಕಾಣುತ್ತೆ. ಆ ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ರ ಇಲ್ಲ ಅಂದ್ರೆ, ಸೈಟ್ ಮಾಡಿಕೊಟ್ಟವರ ನಂಬರ್ ಹೋಗ್ತಿರುವಾಗಲೇ ಒಂದು ಫೋನ್ ಮಾಡಿ.