ಯಾರ ಅಗತ್ಯ, ಯಾರ ಖರ್ಚು?

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಜನರಿಗೆ ಸ್ಮಾರ್ಟ್‌ಫೋನು, ಡೇಟಾ, ಮೆಸೇಜು ಇವೆಲ್ಲ ನಿಜವಾಗಿಯೂ ಬೇಕೆ ಎಂಬ ವಿಷಯವನ್ನು ಶಿಬಿರದವರು ನನಗೆ ಒಪ್ಪಿಸಿದ್ದಾರೆ. ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಊರಿನಲ್ಲಿ ಓಡಾಡುತ್ತಿವೆ. ಒಂದು ಉಳ್ಳವರದು: "ಹೊಟ್ಟೆಗಿಲ್ಲದಿದ್ದರೂ ಕೂಲಿಯವನ ಕೈಯಲ್ಲಿ ಫೋನು ಇರಬೇಕು; ದುಡಿದದ್ದನ್ನೆಲ್ಲ ಅದಕ್ಕೇ ಸುರಿಯುತ್ತಾನೆ." ಇನ್ನೊಂದು ಸರ್ಕಾರವೂ ಕಂಪನಿಗಳೂ ಒಂದೇ ದನಿಯಲ್ಲಿ ಹೇಳುವುದು: "ಫೋನು ಬಂತು, ದೇಶ ಮುಂದುವರಿಯಿತು, ಅದಿಲ್ಲದವನು ಹಿಂದುಳಿದವನು." ಮೊದಲಿನವರು ಬಡವನ ಖರ್ಚನ್ನು ಅವನ ಚಟವೆನ್ನುತ್ತಾರೆ. ಎರಡನೆಯವರು ಅದನ್ನೇ ಅವನ ಉದ್ಧಾರವೆನ್ನುತ್ತಾರೆ. ಆ ಖರ್ಚು ಎಷ್ಟು, ಅದನ್ನು ಅವನ ತಲೆಯ ಮೇಲೆ ಹೊರಿಸಿದವರು ಯಾರು ಎಂದು ಇಬ್ಬರೂ ಕೇಳುವುದಿಲ್ಲ. ಅದನ್ನು ಕೇಳುವ ಕೆಲಸ ನಮ್ಮದು.

ಮೊದಲು ಮೂರನ್ನು ಬೇರೆ ಬೇರೆ ಮಾಡಿ ನೋಡೋಣ. ಮಾತು ಒಂದು, ಸಂದೇಶ ಇನ್ನೊಂದು, ಇಂಟರ್ನೆಟ್ಟಿನ ಡೇಟಾ ಮೂರನೆಯದು.

ಬೆಂಗಳೂರಿಗೆ ದುಡಿಯಲು ಹೋದ ಮಗನ ದನಿ ಕೇಳಬೇಕು, ಹೆರಿಗೆಯ ಹೊತ್ತಿಗೆ 108ರ ಗಾಡಿ ಕರೆಸಬೇಕು, ಮಂಡಿಗೆ ಮಾಲು ಸಾಗಿಸುವ ಮೊದಲು ಧಾರಣೆ ತಿಳಿಯಬೇಕು. ಇವು ಮನುಷ್ಯನ ನಿಜವಾದ ಅಗತ್ಯಗಳು. ಇವನ್ನು ಚಟವೆನ್ನುವವನಿಗೆ ಬಡತನ ಗೊತ್ತಿಲ್ಲ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯ ಮಂತ್ರಿ ಸುಖರಾಮ್ ಅವರಿಗೆ ನಮ್ಮ ದೇಶದ ಮೊದಲ ಮೊಬೈಲು ಕರೆ ಮಾಡಿದಾಗ ಇದು ಶ್ರೀಮಂತರ ಆಟಿಕೆಯೇ ಆಗಿತ್ತು. ಕರೆ ಮಾಡಿದವನೂ ದುಡ್ಡು ಕೊಡಬೇಕು, ಕೇಳಿಸಿಕೊಂಡವನೂ ಕೊಡಬೇಕು. 2003ರಲ್ಲಿ ಬರುವ ಕರೆಗೆ ಹಣವಿಲ್ಲವೆಂದಾದ ಮೇಲೆ ಗಾರೆಯವನೂ ಬಣ್ಣದವನೂ ತರಕಾರಿಯವಳೂ ಫೋನು ಹಿಡಿದರು. ಅವರಿಗೆ ಅದು ಕೆಲಸ ಹುಡುಕಿಕೊಂಡು ಬರುವ ದಾರಿಯಾಯಿತು.

ಇನ್ನು ಸಂದೇಶ. ಬೆರಳೊತ್ತಿ ಕಳಿಸುವ ಮೆಸೇಜು ಇಂಗ್ಲೆಂಡಿನಲ್ಲಿ 1992ರ ಡಿಸೆಂಬರ್ 3ರಂದು ಮೊದಲು ಹೊರಟಿತು. ಇದಕ್ಕೆ ಇಂಟರ್ನೆಟ್ಟು ಬೇಕಿಲ್ಲ, ದುಬಾರಿ ಯಂತ್ರವೂ ಬೇಕಿಲ್ಲ. ಹಿಂದೆ ತಂತಿ ಬಂತೆಂದರೆ ಮನೆಯವರ ಎದೆ ನಡುಗುತ್ತಿತ್ತು. ಆ ಸರ್ಕಾರಿ ತಂತಿ ಸೇವೆಯನ್ನು 2013ರ ಜುಲೈನಲ್ಲಿ ಮುಚ್ಚಿದರು. ಅದರ ಜಾಗದಲ್ಲಿ ನಿಂತದ್ದು ಈ ಮೆಸೇಜು. ಆದರೆ ಇಲ್ಲಿಯೂ ಪಂಕ್ತಿಭೇದವುಂಟು. ಇಂಗ್ಲಿಷಿನಲ್ಲಿ ಬರೆದರೆ ಒಂದು ಮೆಸೇಜಿನಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡದಲ್ಲಿ ಬರೆದರೆ ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಎಣಿಸಿ 70ಕ್ಕೆ ಮುಗಿಯುತ್ತದೆ. ಬ್ಯಾಂಕಿನಿಂದ ಹಣ ಹೋಯಿತೆಂಬ ಸುದ್ದಿ ಎಷ್ಟೋ ರೈತರಿಗೆ ಬರುವುದು ಅವರು ಓದಲಾರದ ಇಂಗ್ಲಿಷಿನಲ್ಲಿ. ಇಂಗ್ಲಿಷಿನ ಯಜಮಾನಿಕೆಯನ್ನು ಲೋಹಿಯಾ ಅವರು ಯಾತಕ್ಕೆ ವಿರೋಧಿಸಿದರೆಂಬುದು ಇಂಥ ಕಡೆ ಚೆನ್ನಾಗಿ ಅರ್ಥವಾಗುತ್ತದೆ.

ಮಾತಿಗೂ ಸಂದೇಶಕ್ಕೂ ಗುಂಡಿಯೊತ್ತುವ ಸಣ್ಣ ಫೋನು ಸಾಕು. ಸುಮಾರು 15 ಕೋಟಿ ಚಂದಾದಾರರು ಅಂಥ ಫೋನಿನಲ್ಲೇ ಇದ್ದಾರೆಂದು 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ ಹೇಳಿತು. ಹಾಗಾದರೆ ಡೇಟಾ, ಸ್ಮಾರ್ಟ್‌ಫೋನು ಎಂಬ ಮೂರನೆಯದು ಇಷ್ಟು ಜನರ ಮನೆ ಹೊಕ್ಕದ್ದು ಹೇಗೆ? ಎರಡು ಬಾಗಿಲುಗಳಿಂದ. ಒಂದನ್ನು ವ್ಯಾಪಾರಗಾರ ತೆರೆದ, ಇನ್ನೊಂದನ್ನು ಸರ್ಕಾರ ತೆರೆಯಿತು.

ವ್ಯಾಪಾರದ ಕಥೆ ಸಣ್ಣದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ಡೇಟಾವನ್ನು ಪುಕ್ಕಟೆ ಹಂಚಿತು. ಜನಕ್ಕೆ ರೂಢಿಯಾಯಿತು. ಮುಂದಿನ ಎರಡು ವರ್ಷಗಳಲ್ಲಿ ಏರ್‌ಸೆಲ್ ದಿವಾಳಿಯೆದ್ದಿತು, ಇನ್ನೂ ಕೆಲವು ಕಂಪನಿಗಳು ಬಾಗಿಲು ಹಾಕಿದವು ಇಲ್ಲವೆ ಇನ್ನೊಂದರಲ್ಲಿ ಕರಗಿದವು. ಸ್ಪರ್ಧೆ ತೆಳುವಾದ ಮೇಲೆ 2019ರಲ್ಲಿ, 2021ರಲ್ಲಿ, 2024ರ ಜುಲೈನಲ್ಲಿ ಮೂರು ಸಲ ಬೆಲೆ ಏರಿತು. ಊರಿನ ಸಾಹುಕಾರ ಮೊದಲು ಉದ್ದರಿ ಕೊಟ್ಟು ಆಮೇಲೆ ತೂಕ ಇಳಿಸುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಈಗ ಲೆಕ್ಕ. 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದರು. ಹದಿನೈದಾಣೆ ಎಂದು ಸರ್ಕಾರ ವಾದಿಸಿತು. ಸಮಾಜವಾದಿಯಾದವನು ಲೆಕ್ಕಕ್ಕೆ ಅಂಜಬಾರದೆಂಬ ಪಾಠ ಆ ಚರ್ಚೆಯಲ್ಲಿದೆ. ದಿನಕ್ಕೆ ಒಂದೂವರೆ ಜಿ.ಬಿ. ಡೇಟಾ ಕೊಡುವ 28 ದಿನದ ಪ್ಯಾಕನ್ನು 2024ರ ಜುಲೈನಲ್ಲಿ ಜಿಯೋ ಕಂಪನಿ 299 ರೂಪಾಯಿಗೆ ಏರಿಸಿತು. ತಿಂಗಳೆಂದರೆ 28 ದಿನವಾದ್ದರಿಂದ ವರ್ಷಕ್ಕೆ 12 ಸಲವಲ್ಲ, 13 ಸಲ ಹಾಕಿಸಬೇಕು. 3,887 ರೂಪಾಯಿ ಆಯಿತು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂದರೆ ಒಂದು ಫೋನನ್ನು ವರ್ಷವಿಡೀ ಬದುಕಿಸಲು ಹತ್ತೂವರೆ ದಿನ ಮಣ್ಣು ಹೊರಬೇಕು. ಮನೆಯಲ್ಲಿ ಎರಡಿದ್ದರೆ ಇಪ್ಪತ್ತೊಂದು ದಿನ. ಫೋನಿನ ಬೆಲೆ ಬೇರೆ. ಆ 299ರಲ್ಲಿ ಸುಮಾರು 45 ರೂಪಾಯಿ ಶೇಕಡಾ 18ರ ತೆರಿಗೆ. ಕೋಟ್ಯಧೀಶನೂ ಅಷ್ಟೇ ಕೊಡುತ್ತಾನೆ, ಕೂಲಿಯವಳೂ ಅಷ್ಟೇ ಕೊಡುತ್ತಾಳೆ.

1854ರಲ್ಲಿ ನಮ್ಮ ದೇಶದ ಅಂಚೆಗೆ ಒಂದು ನಿಯಮ ಬಂತು. ಊರು ಹತ್ತಿರವಿರಲಿ, ದೂರವಿರಲಿ, ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ. ಅದು ಪರಕೀಯರ ಆಳ್ವಿಕೆಯ ಕಾಲ. ಆದರೂ ಕೊಂಡ ಕಾರ್ಡು ಇಪ್ಪತ್ತೊಂಬತ್ತನೆಯ ದಿನ ಹಳಸಿ ಹೋಗುತ್ತಿರಲಿಲ್ಲ. ಈ ತಿಂಗಳು ಕಾರ್ಡು ಕೊಳ್ಳಲಿಲ್ಲವೆಂದು ನಿಮಗೆ ಬಂದ ಕಾಗದವನ್ನು ಅಂಚೆಯವನು ತಡೆಹಿಡಿಯುತ್ತಿರಲಿಲ್ಲ. ಈಗ ಬಳಸದ ಡೇಟಾ ನಡುರಾತ್ರಿಗೆ ಕರಗುತ್ತದೆ. ರೀಚಾರ್ಜು ತಪ್ಪಿ ಕೆಲವು ದಿನ ಕಳೆದರೆ ಬರುವ ಕರೆಯೂ ನಿಲ್ಲುತ್ತದೆ. ಡೇಟಾ ಬೇಡವೆನ್ನುವವರಿಗೆ ಮಾತು ಮತ್ತು ಮೆಸೇಜಿನ ಪ್ಯಾಕು ಬೇರೆಯಾಗಿ ಕೊಡಿರೆಂದು ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. 2025ರ ಜನವರಿಯಲ್ಲಿ ಕಂಪನಿಗಳು ತಂದದ್ದು ಏನು? 84 ದಿನದ್ದು, 400 ರೂಪಾಯಿಗೆ ಮೇಲ್ಪಟ್ಟದ್ದು; ಇಲ್ಲವೆ ವರ್ಷದ್ದು. ವಾರದ ಬಟವಾಡೆಯಲ್ಲಿ ಬದುಕುವವರು ಒಂದೇ ಸಲ ಅಷ್ಟು ಎಲ್ಲಿಂದ ತಂದಾರು?

ಎರಡನೆಯ ಬಾಗಿಲು ಸರ್ಕಾರದ್ದು. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. 2020ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ರೈತನೇ ತನ್ನ ಬೆಳೆಯ ಫೋಟೋ ತೆಗೆದು ಆ್ಯಪಿಗೆ ಹಾಕಬೇಕೆಂದಿತು. ಹಿಂದೆ ಅದು ಸಂಬಳ ಪಡೆಯುವ ಅಧಿಕಾರಿಯ ಕೆಲಸ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೆಲಸದ ಜಾಗಗಳಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಜರಿ ಕಡ್ಡಾಯವಾಯಿತು. ನಮ್ಮಲ್ಲಿ ಕಾಯಕ ಬಂಧು ಎನಿಸಿಕೊಳ್ಳುವ ಹೆಂಗಸು ತನ್ನ ಫೋನು, ತನ್ನ ಡೇಟಾದಲ್ಲಿ ಆ ಕೆಲಸ ಮಾಡಬೇಕಾಯಿತು. ಸಿಗ್ನಲ್ಲು ಇಲ್ಲದಿದ್ದರೆ ಹಾಜರಿಯಿಲ್ಲ, ಹಾಜರಿಯಿಲ್ಲದಿದ್ದರೆ ಕೂಲಿಯಿಲ್ಲ. ಇದರ ವಿರುದ್ಧ ಆ ವರ್ಷ ಕೂಲಿಕಾರರು ದೆಹಲಿಯ ಜಂತರ್ ಮಂತರಿನಲ್ಲಿ ನೂರು ದಿನದ ಧರಣಿ ಕುಳಿತರು. ಕಳ್ಳಲೆಕ್ಕ ತಡೆಯುವುದಕ್ಕೆಂದು ತಂದ ಯಂತ್ರ ಅದನ್ನಾದರೂ ತಡೆಯಿತೆ? ಫೋಟೋದ ಫೋಟೋ ತೆಗೆದು ಹಾಜರಿ ಹಾಕುತ್ತಿದ್ದಾರೆಂದು 2025ರ ಜುಲೈನಲ್ಲಿ ಕೇಂದ್ರದ ಇಲಾಖೆಯೇ ಸುತ್ತೋಲೆ ಹೊರಡಿಸಿತು. ಅದೇ ತಿಂಗಳಿನಿಂದ ಅಂಗನವಾಡಿಯಲ್ಲಿ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೂ ಮುಖ ತೋರಿಸುವ ನಿಯಮ ಬಂತು. ಕದಿಯುವವನು ದಾರಿ ಕಂಡುಕೊಂಡ. ಸಿಗ್ನಲ್ಲಿಲ್ಲದ ಊರಿನವರು ಕೂಲಿ ಕಳೆದುಕೊಂಡರು.

2020-21ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಮಳೆಯಲ್ಲಿ ಗುಡ್ಡ ಹತ್ತಿ ಕುಳಿತದ್ದನ್ನು ನಾಡೇ ಕಂಡಿದೆ. ಅದೇ ಕಾಲದಲ್ಲಿ ಸ್ವಲ್ಪ ದಿನ ನಡೆದ 'ವಿದ್ಯಾಗಮ'ದಲ್ಲಿ ಮೇಷ್ಟರೇ ಮಕ್ಕಳಿದ್ದಲ್ಲಿಗೆ ಹೋಗಿ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಮನೆಗೊಂದು ಫೋನು ಬಂದರೂ ಅದು ಯಾರ ಜೇಬಿನಲ್ಲಿರುತ್ತದೆ ಎಂಬುದು ಇನ್ನೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಇದ್ದ ಹೆಂಗಸರು ನೂರಕ್ಕೆ 54 ಮಾತ್ರ. ಫೋನು ಕಡ್ಡಾಯ ಮಾಡಿದವರು ಉಳಿದ 46 ಮಂದಿಯನ್ನು ಗಂಡನ ಇಲ್ಲವೆ ಮಗನ ಕೈಗೆ ಒಪ್ಪಿಸಿದಂತಾಯಿತು.

ನಾವು ಯಂತ್ರದ ವೈರಿಗಳೆ ಎಂದು ಕೇಳುವವರಿದ್ದಾರೆ. ಅಲ್ಲ. ದುಡಿಯುವವನ ಕೈಗೆ ನಿಲುಕುವ ಸಣ್ಣ ಯಂತ್ರ ಬೇಕೆಂದೇ ಲೋಹಿಯಾ ಹೇಳಿದರು. ತನ್ನ ಇಷ್ಟದಿಂದ ಸ್ಮಾರ್ಟ್‌ಫೋನು ಕೊಂಡು ಪಾಠ ಕೇಳುವ, ಹಾಡು ಕೇಳುವ ಹುಡುಗಿಯನ್ನು ಯಾರೂ ಹಳಿಯಬೇಕಾಗಿಲ್ಲ. ಸಂತೋಷವೂ ಬಡವರ ಹಕ್ಕೇ. ಅನ್ನಕ್ಕೂ ಕೂಲಿಗೂ ಅದನ್ನು ಸುಂಕದ ಕಟ್ಟೆಯಾಗಿ ಮಾಡುವುದನ್ನು ನಾವು ಒಪ್ಪಲಾರೆವು. ಸರ್ಕಾರ ಮನಸ್ಸು ಮಾಡಿದರೆ ಬೇರೆ ದಾರಿಯಿದೆ ಎಂಬುದಕ್ಕೆ ಸಾಕ್ಷಿ ನಮ್ಮ ಬಸ್ಸಿನಲ್ಲೇ ಇದೆ. 2023ರ ಜೂನಿನಲ್ಲಿ ಶುರುವಾದ 'ಶಕ್ತಿ' ಯೋಜನೆಯಲ್ಲಿ ಹೆಂಗಸರು ಗುರುತಿನ ಚೀಟಿ ತೋರಿಸುತ್ತಾರೆ, ಕಂಡಕ್ಟರು ಶೂನ್ಯ ಟಿಕೆಟು ಹರಿದುಕೊಡುತ್ತಾನೆ. ಕೈಯಲ್ಲಿ ಫೋನಿಲ್ಲದ ಅಜ್ಜಿಯೂ ಧರ್ಮಸ್ಥಳಕ್ಕೆ ಹೋಗಿ ಬರುತ್ತಾಳೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು: ಪಡಿತರ, ಪಿಂಚಣಿ, ಕೂಲಿ, ಬೆಳೆಯ ದಾಖಲೆ ಇವು ಯಾವುದಕ್ಕೂ ಫೋನು ಕಡ್ಡಾಯವಾಗಕೂಡದು, ಕಾಗದದ ದಾರಿ ಪ್ರತಿ ಕಚೇರಿಯಲ್ಲಿ ತೆರೆದಿರಬೇಕು. ಎರಡು: ಸರ್ಕಾರದ ಕೆಲಸಕ್ಕೆ ಫೋನು ಬಳಸಬೇಕಾದ ಆಶಾ, ಅಂಗನವಾಡಿ, ಕಾಯಕ ಬಂಧುಗಳಿಗೆ ಫೋನನ್ನೂ ರೀಚಾರ್ಜನ್ನೂ ಸರ್ಕಾರವೇ ಕೊಡಬೇಕು. ಮೂರು: ಮಾತು ಮತ್ತು ಮೆಸೇಜಿಗೆ ತಿಂಗಳಿನ ಅಗ್ಗದ ದರ ಗೊತ್ತುಮಾಡಬೇಕು, ಅದರ ಮೇಲಿನ ತೆರಿಗೆ ತೆಗೆಯಬೇಕು, ಬರುವ ಕರೆಯನ್ನು ಎಂದೂ ನಿಲ್ಲಿಸಕೂಡದು. ಕಾರ್ಖಾನೆಯ ಮಾಲಿನ ಬೆಲೆ ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟು ಮೀರಬಾರದೆಂದು ಲೋಹಿಯಾ ಹೇಳಿದ ದಾಮು ಕಟ್ಟುವ ನೀತಿಯನ್ನು ಇಲ್ಲಿಗೂ ತರಬೇಕು. ನಾಲ್ಕು: ಕನ್ನಡಿಗನಿಗೆ ಬರುವ ಸಂದೇಶ ಕನ್ನಡದಲ್ಲಿರಬೇಕು.

ಡಿಜಿಟಲ್ ಸೌಲಭ್ಯ ಮುಟ್ಟುವ ಹಕ್ಕು ಬದುಕುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಹೇಳಿದೆ. ತೀರ್ಪು ತಾನಾಗಿ ನಡೆದು ಹಳ್ಳಿಗೆ ಬರುವುದಿಲ್ಲ. ಊರಿಗೆ ಹಿಂತಿರುಗಿದ ಮೇಲೆ ಪ್ರತಿ ಕಾರ್ಯಕರ್ತನೂ ಒಂದು ನೋಟುಪುಸ್ತಕ ಇಡಲಿ. ಫೋನಿಲ್ಲವೆಂದು, ಒ.ಟಿ.ಪಿ. ಬರಲಿಲ್ಲವೆಂದು, ಸಿಗ್ನಲ್ಲಿಲ್ಲವೆಂದು ಯಾರನ್ನು ಯಾವ ದಿನ ಯಾವ ಕಚೇರಿಯಿಂದ ಬರಿಗೈಯಲ್ಲಿ ಕಳಿಸಿದರೆಂಬುದನ್ನು ಅದರಲ್ಲಿ ಬರೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಠರಾವು ಬರೆಸಲಿ. ಆ ಪುಸ್ತಕಗಳೊಂದಿಗೆ ನಾವು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಸೇರೋಣ.