ಬಾಣಂತಿಯ ಹೇಳಿಕೊಳ್ಳಲಾಗದ ಕಷ್ಟ



ಹೆರಿಗೆಯಾದ ಮೇಲೆ ಕೆಲವರಿಗೆ ಮಲಬದ್ಧತೆ, ಮೂಲವ್ಯಾಧಿ ಕಾಣುತ್ತದೆ. ಕೆಲವರಿಗೆ ಕೆಮ್ಮಿದರೆ, ಭಾರ ಎತ್ತಿದರೆ ವಾಯು ತಡೆಯಲಾಗದು; ಮಲವೂ ಸೋರಬಹುದು. ನಾಚಿಕೆಯಿಂದ ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಟ್ಟವರುಂಟು. ಇದು ಅವರ ತಪ್ಪಲ್ಲ. ಮಗು ಹೊರಬರುವಾಗ ಗುದದ್ವಾರದ ಸುತ್ತಲಿನ ಸ್ನಾಯುಗಳು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ.

ಬಾಣಂತಿಗೆ ನೀರು, ಸೊಪ್ಪು ಆಗದೆಂಬ ಪಥ್ಯವನ್ನು ಬಿಡಿರಿ. ಬಾಯಾರಿದಷ್ಟೂ ನೀರು ಕೊಡಿರಿ. ಸೊಪ್ಪು, ಬೇಳೆ, ರಾಗಿ, ಹಣ್ಣು ಉಣ್ಣಿಸಿರಿ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಗಟ್ಟಿಯಾದರೂ, 180 ದಿನದ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ದಾದಿಗೆ ತಿಳಿಸಬೇಕು.

ವಾಯು ತಡೆಯುವಂತೆ ಗುದದ ಸ್ನಾಯುವನ್ನು ಒಳಕ್ಕೆ ಬಿಗಿದು, 5 ಎಣಿಸಿ, ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ಹೀಗೆ 10 ಸಲ, ದಿನಕ್ಕೆ 3 ಹೊತ್ತು, 3 ತಿಂಗಳು ಬಿಡದೆ ಮಾಡಿದರೆ ಹಲವರಿಗೆ ಗುಣ ಕಾಣುತ್ತದೆ.

ಮಲ ಸೋರುತ್ತಿದ್ದರೆ, ರಕ್ತ ಬಿದ್ದರೆ, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಹರಿದ ಸ್ನಾಯುವನ್ನು ಹೊಲಿದು ಸರಿಪಡಿಸುವುದುಂಟು.

ಗಂಡಸರೇ, ಎತ್ತು ಮೇವು ಬಿಟ್ಟರೆ ಅಂದೇ ವಿಚಾರಿಸುತ್ತೀರಿ. ಮನೆಯಾಕೆಯನ್ನೂ ಹಾಗೆಯೇ ಮೆಲ್ಲಗೆ ವಿಚಾರಿಸಿರಿ. ತುಂಬಿದ ಕೊಡ, ಹುಲ್ಲಿನ ಹೊರೆಯನ್ನು ಕೆಲವು ಕಾಲ ನೀವೇ ಹೊರಿರಿ.